ಬೆರಳಿಗೆ ಸಿಗುವ ಚಿತ್ರ

ರಬ್ಬರ್ ಸ್ಟಾಂಪು ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳನ್ನು ಬೀದಿಯವರೆಲ್ಲ ಸೀಲಕ್ಕ ಎಂದು ಕರೆಯುತ್ತಿದ್ದರು. ಅಂಗಡಿ ಅಂದರೆ ಅಂಥಾ ದೊಡ್ಡದೇನಲ್ಲ. ಒಂದು ಕಡೆ ಜೆರಾಕ್ಸಿನವನು, ಇನ್ನೊಂದು ಕಡೆ ವಿಸಿಟಿಂಗ್ ಕಾರ್ಡು ಅಚ್ಚು ಹಾಕುವ ಪ್ರೆಸ್ಸು, ಅವೆರಡರ ಮಧ್ಯೆ ಒಬ್ಬರು ಎದ್ದರೆ ಇನ್ನೊಬ್ಬರು ಕೂರುವಷ್ಟು ಜಾಗ. ಅಲ್ಲಿ ಕೂತು ಅವಳು ಹಗಲೆಲ್ಲ ‘ಮಂಜೂರಾಗಿದೆ’, ‘ತಿರಸ್ಕರಿಸಲಾಗಿದೆ’, ‘ನಕಲು’ ಎಂಬ ಅಕ್ಷರಗಳಿದ್ದ ರಬ್ಬರನ್ನು ಕತ್ತರಿಸಿ ಮರದ ಹಿಡಿಗೆ ಅಂಟಿಸುತ್ತಿದ್ದಳು. ಸೀಲಿನ ಮೇಲೆ ಅಕ್ಷರಗಳೆಲ್ಲ ಕನ್ನಡಿಯೊಳಗಿನಂತೆ ತಿರುಗಿರುತ್ತವಲ್ಲ, ಅವನ್ನು ನೋಡಿ ನೋಡಿ ಅವಳಿಗೆ ನೇರ ಓದುವುದಕ್ಕಿಂತ ತಿರುಗಿಸಿ ಓದುವುದೇ ಸಲೀಸಾಗಿಬಿಟ್ಟಿತ್ತು. “ನಮ್ಮ ನಾದಿನಿಗೆ ಎಲ್ಲಾನೂ ಉಲ್ಟಾನೇ ಅರ್ಥ ಆಗೋದು. ಅದಕ್ಕೇ ಸಂಬಳ ಕೊಡ್ತಾರೆ” ಎಂದು ಅವಳ ಅತ್ತಿಗೆ ಮನೆಗೆ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು.

ಸೀಲಕ್ಕ ಮದುವೆಯಾಗಿರಲಿಲ್ಲ. ಅಣ್ಣನ ಮನೆಯಲ್ಲೇ ಇದ್ದಳು. ಅಣ್ಣನದು ಕ್ಷೌರದ ಅಂಗಡಿ. ಆಡಬೇಕಾದ ಮಾತನ್ನೆಲ್ಲ ಗಿರಾಕಿಗಳ ಜೊತೆ ಆಡಿ ಮುಗಿಸಿ, ಮನೆಗೆ ಬರುವಾಗ ಬಾಯಿಗೆ ಬೀಗ ಹಾಕಿಕೊಂಡು ಬರುತ್ತಿದ್ದ. ಹಾಗಾಗಿ ಮನೆಯ ಮಾತೆಲ್ಲ ಅತ್ತಿಗೆ ನಾದಿನಿಯರ ಪಾಲಾಗಿತ್ತು. ಅದರಲ್ಲಿ ಅರ್ಧಕ್ಕರ್ಧ ಜಗಳ. ಆದರೆ ಒಬ್ಬಳು ಊಟಕ್ಕೆ ತಡವಾದರೆ ಇನ್ನೊಬ್ಬಳು ತಟ್ಟೆ ಮುಟ್ಟುತ್ತಿರಲಿಲ್ಲ.

ಅತ್ತಿಗೆ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು. ಅವಳ ಮೆಷಿನ್ನಿನ ಹಿಂದಿನ ಗೋಡೆಯ ತುಂಬ ಸೀಲಕ್ಕ ಮಾಡಿಕೊಟ್ಟ ಶುಭಾಶಯದ ಕಾರ್ಡುಗಳು. ಅಂಗಡಿಯಲ್ಲಿ ಉಳಿದ ರಬ್ಬರ್ ಚೂರುಗಳನ್ನು ಮನೆಗೆ ತಂದು, ಬ್ಲೇಡಿನಲ್ಲಿ ಎಲೆ, ಕೆಟಲು, ಹಕ್ಕಿ ಎಂದು ಕೊರೆಯುವುದು ಅವಳ ಸಂಜೆಯ ಹುಚ್ಚು. ಹಕ್ಕಿಯ ಅಚ್ಚಿಗೆ ಒಂದೇ ಸಲ ಇಂಕು ಹಚ್ಚಿ ಮತ್ತೆ ಮತ್ತೆ ಒತ್ತುತ್ತಿದ್ದಳು. ಮೊದಲನೆಯ ಹಕ್ಕಿ ಕಪ್ಪಗೆ ಕಣ್ಣೆದುರಿಗೇ ಇರುತ್ತಿತ್ತು, ಆಮೇಲಿನವು ಮಸುಕಾಗುತ್ತ ದೂರ ಹಾರಿಹೋಗುತ್ತಿದ್ದವು. ಸ್ಪಂಜಿನ ತುದಿಗೆ ನೀಲಿ, ಕಿತ್ತಳೆ ಮುಟ್ಟಿಸಿ ಕಾರ್ಡಿನ ಅಂಚಿನಿಂದ ಒಳಕ್ಕೆ ಮೆಲ್ಲಗೆ ಸವರಿದರೆ ಸಂಜೆ ಮೂಡುತ್ತಿತ್ತು. ಪ್ರತಿ ಹುಟ್ಟುಹಬ್ಬಕ್ಕೂ ಅತ್ತಿಗೆಗೆ ಅಂಥದ್ದೊಂದು. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ, “ಪರವಾಗಿಲ್ಲ” ಎಂದು, ಗುಂಡುಪಿನ್ನಿನಿಂದ ಗೋಡೆಗೆ ಚುಚ್ಚುತ್ತಿದ್ದಳು. ಅತ್ತಿಗೆಯ ಬಾಯಿಂದ ಬಂದ ಪರವಾಗಿಲ್ಲ ಅಂದರೆ ಬೇರೆಯವರು ಕೊಡುವ ಪದಕದ ಲೆಕ್ಕ.

ಅತ್ತಿಗೆಯ ಕಣ್ಣು ಕೈಕೊಡುತ್ತಿದೆ ಎಂದು ಮೊದಲು ಗೊತ್ತಾದದ್ದು ಬಾಗಿಲುಗಳಿಂದ. ದಿನಾ ಓಡಾಡುವ ಮನೆಯಲ್ಲೇ ಭುಜ ತಾಗತೊಡಗಿತು. ಪಕ್ಕದಲ್ಲಿ ಯಾರಾದರೂ ಬಂದು ನಿಂತರೆ ಬೆಚ್ಚಿಬೀಳುತ್ತಿದ್ದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಕಣ್ಣಿನ ನರ ಸೊರಗಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ಹನಿ ಹಾಕಿದ್ದೂ ಆಯಿತು. ಆದರೂ ನೋಡನೋಡುತ್ತಿದ್ದಂತೆ ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಮಾತ್ರ ಉಳಿಯಿತು. ಅತ್ತಿಗೆ ಮೆಷಿನ್ನಿಗೆ ಹಳೇ ಬೆಡ್‌ಶೀಟು ಹೊದಿಸಿ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಜಗಳವಾಡುವುದನ್ನೂ ಬಿಟ್ಟಳು. ಸೀಲಕ್ಕನಿಗೆ ಅದೇ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು.

ಆ ವರ್ಷದ ಹುಟ್ಟುಹಬ್ಬಕ್ಕೆ ಸೀಲಕ್ಕ ಮೆತ್ತನೆಯ ಚಪ್ಪಲಿ ತಂದಳು. ಅತ್ತಿಗೆ ಪೊಟ್ಟಣ ಬಿಚ್ಚಿ ಸವರಿ ನೋಡಿದಳು.

“ಮನೆಯೊಳಗೆ ಹಾಕ್ಕೊಳ್ಳೋಕೆ ಅತ್ತಿಗೆ. ಜಾರಲ್ಲ.”

“ಚಪ್ಪಲಿ ಅಂತ ಗೊತ್ತಾಯ್ತು. ಕಾರ್ಡೆಲ್ಲಿ?”

ಸೀಲಕ್ಕ ಪೊಟ್ಟಣದ ಕಾಗದ ಮಡಿಸತೊಡಗಿದಳು. “ಈ ಸಲ ಮಾಡಲಿಲ್ಲ. ಅಂದ್ರೆ, ನಿಮಗೆ...”

“ಕಾಣಲ್ಲ ಅಂತಾನಾ?” ಅತ್ತಿಗೆ ಚಪ್ಪಲಿಯನ್ನು ಕೆಳಗೆ ಹಾಕಿದಳು. “ಕಣ್ಣು ಹೋಗಿದ್ದು ನಂದು. ನಿನ್ನ ಕೈಗೇನೇ ಬಂತು ರೋಗ?”

ಸೀಲಕ್ಕ ಕಕ್ಕಾಬಿಕ್ಕಿಯಾಗಿ ಅಣ್ಣನ ಮುಖ ನೋಡಿದಳು. ಅಣ್ಣ ಚಹಾ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, ಅಪರೂಪಕ್ಕೆ ಬಾಯಿ ಬಿಟ್ಟ. “ಮಾಡಬಹುದಿತ್ತು ಕಣಮ್ಮ” ಎಂದ. ಅತ್ತಿಗೆ ಬೈದದ್ದಕ್ಕಿಂತ ಅದೇ ಅವಳಿಗೆ ಹೆಚ್ಚು ಚುರುಕ್ಕೆಂದಿತು.

ಮಾರನೆಯ ದಿನ ಅಂಗಡಿಯಲ್ಲಿ ಅವಳ ಮನಸ್ಸು ನೆಲೆ ನಿಲ್ಲಲಿಲ್ಲ. ಒಬ್ಬ ವಕೀಲರು ಸೀಲಿಗೆ ಹೆಸರು ಬರೆಯಲೆಂದು ತಮ್ಮ ವಿಸಿಟಿಂಗ್ ಕಾರ್ಡು ಕೊಟ್ಟರು. ಅದನ್ನು ಹಿಡಿದ ಅವಳ ಹೆಬ್ಬೆರಳಿಗೆ ಅಕ್ಷರಗಳು ತಾಗಿದವು. ಪಕ್ಕದ ಪ್ರೆಸ್ಸಿನಲ್ಲಿ ಆಗಿದ್ದ ಉಬ್ಬು ಅಕ್ಷರ. ಅಂಥ ಕಾರ್ಡುಗಳು ದಿನಾ ಅವಳ ಕೈಗೆ ಬರುತ್ತಿದ್ದವು, ಒಂದು ದಿನವೂ ಅವಳು ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ವಕೀಲರು ಅತ್ತ ಹೋದದ್ದೇ ತಡ, ಇತ್ತ ಅವಳು ಪ್ರೆಸ್ಸಿಗೆ ನುಗ್ಗಿದಳು.

“ಅದೇನು ಬ್ರಹ್ಮವಿದ್ಯೆ ಅಲ್ಲಮ್ಮಾ” ಎಂದರು ಪ್ರೆಸ್ಸಿನ ಯಜಮಾನರು. “ಇಂಕು ಹಸಿ ಇರುವಾಗಲೇ ಈ ಪುಡಿ ಉದುರಿಸೋದು, ಮಿಕ್ಕಿದ್ದು ಕೊಡವೋದು, ಬಿಸಿ ತೋರಿಸೋದು. ಪುಡಿ ಕರಗಿ ಉಬ್ಬಿಕೊಂಡು ನಿಲ್ಲುತ್ತೆ.” ಡಬ್ಬಿಯ ತಳದಲ್ಲಿ ಉಳಿದಿದ್ದ ಬಿಳಿ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟರು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಅವಳ ಸ್ಟಾಂಪ್ ಪ್ಯಾಡಿನ ಇಂಕು ಒತ್ತಿದ ಕೂಡಲೇ ಒಣಗುತ್ತಿತ್ತು, ಪುಡಿ ಹಿಡಿಯುತ್ತಲೇ ಇರಲಿಲ್ಲ. ಅಣ್ಣ ತನ್ನ ಅಂಗಡಿಯಿಂದ ಗಿರಾಕಿಗಳ ಕೆನ್ನೆಗೆ ಸವರುವ ಗ್ಲಿಸರಿನ್ ತಂದುಕೊಟ್ಟ. ಅದನ್ನು ಬೆರೆಸಿದ ಮೇಲೆ ಇಂಕು ಬೇಗ ಆರಲಿಲ್ಲ. ಇನ್ನು ಬಿಸಿ. ಅದಕ್ಕೂ ಅಣ್ಣನೇ ಗತಿ. ಕೂದಲು ಒಣಗಿಸುವ ಡ್ರೈಯರ್ ಹಿಡಿದು ಬಂದು, ಅಡುಗೆಮನೆಯ ಮೇಜಿನ ಮುಂದೆ ನಿಂತು ಗುಂಡಿ ಒತ್ತಿದ. ಪುಡಿ ಭುಸ್ಸೆಂದು ಹಾರಿ ಚಹಾದ ಲೋಟಕ್ಕೆ, ಸಕ್ಕರೆ ಡಬ್ಬಿಗೆ, ಅಣ್ಣನ ಮೀಸೆಗೆ ಸಮಪಾಲಾಗಿ ಹಂಚಿಹೋಯಿತು. ಕಾರ್ಡಿನ ಮೇಲೆ ಮಾತ್ರ ಏನೂ ಉಳಿಯಲಿಲ್ಲ.

“ಏನ್ರೀ ಅದು ಸದ್ದು?” ಎಂದು ಅತ್ತಿಗೆ ಕಿಟಕಿಯ ಕಡೆಯಿಂದ ಕೂಗಿದಳು.

“ಏನಿಲ್ಲ” ಎಂದ ಅಣ್ಣ, ಮೀಸೆ ಕೊಡವುತ್ತ.

ಕೊನೆಗೆ ದಾರಿ ತೋರಿಸಿದ್ದು ಇಸ್ತ್ರಿ ಪೆಟ್ಟಿಗೆ. ಎರಡು ಇಟ್ಟಿಗೆಗಳ ನಡುವೆ ಅದನ್ನು ಅಂಗಾತ ಇಟ್ಟು, ಕಾದ ಮೇಲೆ ಕಾರ್ಡನ್ನು ಇಕ್ಕಳದಲ್ಲಿ ಹಿಡಿದು ತುಸು ಮೇಲೆ ಆಡಿಸಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಉಪ್ಪಿನ ಹರಳಿನಂತೆ ಕೂತಿದ್ದ ಪುಡಿ ಇದ್ದಕ್ಕಿದ್ದಂತೆ ನೀರಾಗಿ ಮಿಂಚಿ, ಗೆರೆಗೆರೆಯೂ ಎದ್ದು ನಿಂತಿತು. ಸೀಲಕ್ಕ ಒಬ್ಬಳೇ ನಿಂತು “ಅಯ್ಯೋ, ಅಯ್ಯೋ” ಎಂದಳು.

ತನಗೆ ಗೊತ್ತಿದ್ದ ಕಲೆಯನ್ನೆಲ್ಲ ಧಾರೆಯೆರೆದು ಅವಳು ಗುಲಾಬಿಯ ಕೊಂಬೆಯೊಂದನ್ನು ಕೊರೆದಳು. ಎಸಳಿನ ಮೇಲೆ ಎಸಳು, ಎಲೆಯಲ್ಲಿ ನರ, ಮೊಗ್ಗು, ಮುಳ್ಳು, ಯಾವುದನ್ನೂ ಬಿಡಲಿಲ್ಲ. ಕಾರ್ಡನ್ನು ಅತ್ತಿಗೆಯ ಮಡಿಲಲ್ಲಿಟ್ಟು ಉಸಿರು ಬಿಗಿಹಿಡಿದು ನಿಂತಳು. ಅತ್ತಿಗೆಯ ಬೆರಳು ಕಾರ್ಡಿನ ಮೇಲೆ ಅತ್ತಿಂದಿತ್ತ ಓಡಾಡಿತು.

“ಏನೇ ಇದು? ಗೋಡೆಯ ಸುಣ್ಣ ಎದ್ದಿರೋ ಹಾಗಿದೆ.”

“ಗುಲಾಬಿ ಅತ್ತಿಗೆ!”

“ಇದಾ? ಹುಳ ತಿಂದ ಗುಲಾಬಿನಾ?”

ಸೀಲಕ್ಕ ಮುಖ ಊದಿಸಿಕೊಂಡು ಒಳಗೆ ಹೋದಳು. ಎಷ್ಟು ಕಷ್ಟಪಟ್ಟೆ, ಒಂದು ಒಳ್ಳೆ ಮಾತಾಡಿದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಗೊಣಗಿಕೊಂಡಳು. ಆಮೇಲೆ ಏನನ್ನಿಸಿತೋ, ಹಿತ್ತಲ ಬಾಗಿಲಲ್ಲಿ ಕೂತು, ಕಣ್ಣು ಗಟ್ಟಿಯಾಗಿ ಮುಚ್ಚಿ, ಉಳಿದಿದ್ದ ಇನ್ನೊಂದು ಪ್ರತಿಯನ್ನು ಸವರಿದಳು. ತನ್ನ ಕೈಯಾರೆ ಕೊರೆದ ಹೂವಿನಲ್ಲಿ ಎಸಳು ಎಲ್ಲಿ ಮುಗಿಯಿತು, ಎಲೆ ಎಲ್ಲಿ ಶುರುವಾಯಿತು ಎಂಬುದು ಅವಳಿಗೇ ತಿಳಿಯಲಿಲ್ಲ. ಎಲ್ಲವೂ ಬರೀ ತರಿತರಿ. ನಾಚಿಕೆಯಾಯಿತು. ಎದ್ದು ಬಂದು ಅತ್ತಿಗೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

“ಸರಿ, ನೀವೇ ಹೇಳಿ. ಹೇಗಿರಬೇಕು?”

ಅತ್ತಿಗೆ ಈ ಮಾತಿಗೇ ಕಾದಿದ್ದವಳಂತೆ ಕುರ್ಚಿಯಲ್ಲಿ ನೆಟ್ಟಗಾದಳು. “ಅಷ್ಟೊಂದು ತುರುಕಬೇಡ್ವೇ. ಹೊಲಿಗೆಗೆ ಮಾರ್ಜಿನ್ ಬಿಡೋ ಹಾಗೆ ಎರಡು ಗೆರೆ ಮಧ್ಯೆ ಜಾಗ ಬಿಡು. ಬೆರಳು ಇಳಿದು ಹತ್ತಬೇಕು. ಗೆರೆ ಶುರುವಾದ್ರೆ ಸುಮ್ನೆ ಹೋಗ್ತಾ ಇರಬೇಕು, ನಡುವೆ ದಾರ ತುಂಡಾದ ಹಾಗೆ ಆಗಬಾರದು.”

ಸೀಲಕ್ಕ ಕೈಗೆ ಬಂದ ಕಲೆಯನ್ನೆಲ್ಲ ಪಕ್ಕಕ್ಕಿಟ್ಟು ಹೊಸದಾಗಿ ಕೊರೆಯಲು ಕೂತಳು. ಎರಡು ಉಂಗುರ, ಎರಡು ಉದ್ದನೆಯ ಅಲಗು, ಮಧ್ಯದಲ್ಲೊಂದು ಚುಕ್ಕೆ. ಅಷ್ಟೇ. ಈ ಸಲ ಅತ್ತಿಗೆಯ ಬೆರಳು ಒಂದು ಉಂಗುರ ಸುತ್ತಿತು, ಇನ್ನೊಂದು ಸುತ್ತಿತು, ಅಲಗಿನ ಮೇಲೆ ತುದಿಯವರೆಗೆ ಹೋಗಿ ನಿಂತಿತು.

“ಕತ್ತರಿ” ಎಂದಳು. ಮತ್ತೊಮ್ಮೆ ಸವರಿದಳು. “ನನ್ನ ದೊಡ್ಡ ಕತ್ತರಿ. ಆದ್ರೆ ಬಾಯಿ ಬಿಟ್ಕೊಂಡು ಬಿದ್ದಿದೆಯಲ್ಲೇ! ಕತ್ತರೀನ ನಾನು ಯಾವತ್ತಾದ್ರೂ ಹೀಗೆ ಇಟ್ಟಿದ್ದು ನೋಡಿದ್ದೀಯಾ? ಇದು ನೀನಿಡೋ ರೀತಿ!”

“ಮುಚ್ಚಿದ್ರೆ ಕತ್ತರಿ ಅಂತ ನಿಮಗೆ ಗೊತ್ತಾಗಬೇಕಲ್ಲ!”

“ಗೊತ್ತಾಗ್ತಿತ್ತು. ನಾನೇನು ಕುರುಡಿನಾ?”

ಅತ್ತಿಗೆಯ ಬೆರಳು ಕಾರ್ಡಿನ ಮೇಲೆ ಅಲ್ಲೇ ನಿಂತಿತು. ಆಮೇಲೆ ಅತ್ತಿಗೆಗೆ ತಾನಾಡಿದ ಮಾತು ತನಗೇ ತಟ್ಟಿ ನಗು ಉಕ್ಕಿತು. ಸೀಲಕ್ಕನೂ ಸೇರಿಕೊಂಡಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಕೇಳಿ, ಬಚ್ಚಲಲ್ಲಿದ್ದ ಅಣ್ಣ ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಓಡಿಬಂದ.

ಆ ಕಾರ್ಡಿನ ನಂತರ ಅತ್ತಿಗೆಗೆ ಸುಮ್ಮನೆ ಕೂರುವುದು ಆಗಲಿಲ್ಲ. ಪುಡಿ ಉದುರಿಸುವ ಕೆಲಸ ತನಗೇ ಬೇಕೆಂದಳು. ಚಿಟಿಕೆಯಲ್ಲಿ ಹಿಡಿದು ಸಮನಾಗಿ ಉದುರಿಸುವುದರಲ್ಲಿ ಅವಳ ಕೈ ಸೀಲಕ್ಕನದಕ್ಕಿಂತ ವಾಸಿಯಿತ್ತು. ಆಮೇಲೆ ಒತ್ತುವುದನ್ನೂ ಕಲಿತಳು. ಸೀಲಕ್ಕ ದಪ್ಪ ರಟ್ಟಿನ ಎರಡು ಪಟ್ಟಿಗಳನ್ನು ಮೂಲೆಯಂತೆ ಕೂಡಿಸಿ ಹಲಗೆಗೆ ಅಂಟಿಸಿಕೊಟ್ಟಳು. ಕಾರ್ಡನ್ನು ಅದರೊಳಗೆ ಕೂರಿಸಿ, ಬೆರಳಳತೆಯಲ್ಲಿ ಜಾಗ ಹಿಡಿದು ಅಚ್ಚು ಒತ್ತಿದರೆ ಆಚೀಚೆ ಹೋಗುತ್ತಿರಲಿಲ್ಲ. ಅಣ್ಣನಿಗೆಂದು ಮಾಡಿದ ಬಾಚಣಿಗೆಯ ಕಾರ್ಡು ತಲೆಕೆಳಗಾಯಿತು. ಅಣ್ಣ ಅದನ್ನು ಹಾಗೆಯೇ ತನ್ನ ಅಂಗಡಿಯ ಕನ್ನಡಿಗೆ ಸಿಕ್ಕಿಸಿ, ಕೇಳಿದವರಿಗೆಲ್ಲ ಹೆಂಡತಿ ಮಾಡಿದ್ದು ಎಂದು ಹೇಳತೊಡಗಿದ.

ಕಣ್ಣಿನ ಆಸ್ಪತ್ರೆಗೆ ಹೋಗುವಾಗ ಅತ್ತಿಗೆ ಕತ್ತರಿಯ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಹೋದಳು. ಕಾಯುವ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದವರು ಒಬ್ಬ ನಿವೃತ್ತ ಬಸ್ ಡ್ರೈವರ್. ಅವರದ್ದೂ ಅದೇ ಕಾಯಿಲೆ. ಮಾತಿಗೆ ಮಾತು ಬೆಳೆದು, ಕಾರ್ಡು ಅವರ ಕೈಗೆ ಹೋಯಿತು. ಅವರು ಬಹಳ ಹೊತ್ತು ಅದನ್ನು ಸವರುತ್ತಲೇ ಇದ್ದರು.

“ಅಮ್ಮಾ, ನಂಗೊಂದು ಬಸ್ಸು ಮಾಡಿಕೊಡ್ತೀರಾ?” ಎಂದರು. “ಮೊಮ್ಮಗಳಿಗೆ ಕೊಡೋಕೆ. ಪ್ರತಿ ಸಲ ಸೊಸೆ ಯಾವುದೋ ಕಾರ್ಡು ತಂದು ನನ್ನ ಕೈಲಿ ಕೊಡಿಸ್ತಾಳೆ. ಅದರಲ್ಲಿ ನಾಯಿ ಇದೆಯೋ ನರಿ ಇದೆಯೋ ನಂಗೆ ಗೊತ್ತಿರಲ್ಲ. ಕೊಡೋದು ಏನು ಅಂತ ಕೊಡೋನಿಗೆ ಗೊತ್ತಿರಬೇಡ್ವಾ?”

ಪಕ್ಕದಲ್ಲಿ ನಿಂತಿದ್ದ ಸೀಲಕ್ಕ ಅವರತ್ತ ತಿರುಗಿದಳು. ಇಷ್ಟು ದಿನ ಅವಳು ಕಾರ್ಡು ಪಡೆಯುವವರ ಬಗ್ಗೆ ಮಾತ್ರ ಯೋಚಿಸಿದ್ದಳು. ಅತ್ತಿಗೆ ಆಗಲೇ ವ್ಯವಹಾರಕ್ಕೆ ಇಳಿದಿದ್ದಳು. “ದೊಡ್ಡ ಬಸ್ಸೋ, ಸಣ್ಣದೋ?”

ಕಾರ್ಡು ತಯಾರಾದ ಮೇಲೆ ಡ್ರೈವರು ಮಗನ ಜೊತೆ ಮನೆಗೇ ಬಂದರು. ಚಕ್ರ ಮುಟ್ಟಿ ತಲೆಯಾಡಿಸಿದರು, ಕಿಟಕಿಗಳನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ಹುಬ್ಬು ಗಂಟಾಯಿತು.

“ಎಲ್ಲಾ ಸರಿ. ಬಾಗಿಲೇ ಇಲ್ವಲ್ಲಮ್ಮಾ! ಜನ ಹತ್ತೋದು ಎಲ್ಲಿಂದ?”

“ಕಿಟಕಿಯಿಂದ” ಎಂದಳು ಅತ್ತಿಗೆ, ಮುಖದಲ್ಲಿ ಗೆರೆ ಕದಲಿಸದೆ. “ಸೀಟು ಬೇಕಾದೋರು ಹಾಗೇ ಅಲ್ವಾ ಹತ್ತೋದು?”

ಡ್ರೈವರು ಕೂತಲ್ಲೇ ಕುಲುಕಿ ಕುಲುಕಿ ನಕ್ಕರು. ಬಾಗಿಲಿರುವ ಬಸ್ಸು ಸಿಗುವ ತನಕ ಜಾಗ ಬಿಟ್ಟು ಏಳಲಿಲ್ಲ.

ಆ ಬೆಂಚಿನ ಮೂಲಕವೇ ಸುದ್ದಿ ಹಬ್ಬಿತು. ಒಬ್ಬರಿಗೆ ಬೈಸಿಕಲ್ಲು ಬೇಕು, ಇನ್ನೊಬ್ಬರಿಗೆ ತಮ್ಮ ಮನೆಯ ಬೆಕ್ಕು. ಕಣ್ಣಿಲ್ಲದ ಮಕ್ಕಳ ಶಾಲೆಯ ಟೀಚರೊಬ್ಬರು ಬಂದು, ಮಕ್ಕಳು ತಾವೇ ಒತ್ತಲು ಅಚ್ಚು ಮಾಡಿಕೊಡಿ, ಕಲಿಸೋಕೂ ನೀವೇ ಬರಬೇಕು ಎಂದು ಅತ್ತಿಗೆಯನ್ನು ಕರೆದರು. ಹೋಗಬೇಕಾದ ದಿನ ಅತ್ತಿಗೆ ಬೆಳಗ್ಗಿನಿಂದ ಸೀಲಕ್ಕನ ಪ್ರಾಣ ತಿಂದಳು. ಯಾವ ಬಟ್ಟೆ ಹಾಕಿಕೊಳ್ಳಲಿ, ಕೂದಲು ಸರಿಯಿದೆಯಾ, ಕೈ ನಡುಗಿದರೆ ಏನು ಗತಿ. ಸಂಜೆ ಬರುವಾಗ ಮಾತ್ರ ದಾರಿಯುದ್ದಕ್ಕೂ ಬಾಯಿಗೆ ಬಿಡುವಿಲ್ಲ. ಒಂದು ಹುಡುಗಿಯಂತೂ ಕೇಳಿದ್ದೇ ಕೇಳಿದ್ದು, ಮಳೆಯ ಅಚ್ಚು ಬೇಕಂತೆ.

“ಮಳೆ ಹೇಗೆ ಮಾಡೋದು ಅತ್ತಿಗೆ? ಓರೆ ಗೆರೆ ಎಳೆದ್ರೆ ಹುಲ್ಲಾಗುತ್ತೆ.”

“ಚುಕ್ಕೆ ಇಡು.”

“ಚುಕ್ಕೆ ಇಟ್ರೆ ಸಾಸಿವೆ ಚೆಲ್ಲಿದ ಹಾಗಾಗುತ್ತೆ ಅಂತ ನೀವೇ ಬೈತೀರಿ.”

ಅತ್ತಿಗೆ ಯೋಚಿಸಿದಳು. ಮೇಜಿನ ಮೇಲೆ ಬೆರಳುಗಳಿಂದ ತಟ್ಟಿ ನೋಡಿದಳು, ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಬೇಗ ಬೇಗ, ಒತ್ತೊತ್ತಾಗಿ. “ಹೀಗೆ” ಎಂದಳು. “ಮೇಲಿಂದ ಬೆರಳು ಇಳೀತಾ ಇಳೀತಾ ಜೋರಾಗ್ಬೇಕು. ಕೆಳಗೊಂದು ಅಡ್ಡಗೆರೆ ಹಾಕು, ನೆಲ.”

“ಇನ್ನೊಂದು ಸಲ ತಟ್ಟಿ, ನೋಡೋಣ” ಎಂದು ಸೀಲಕ್ಕ ರಬ್ಬರಿನ ಚೂರೊಂದನ್ನು ಎಳೆದುಕೊಂಡು ಬ್ಲೇಡು ಕೈಗೆತ್ತಿಕೊಂಡಳು.