ಪಾಸಿನವರಿಗೆ ನಿಲ್ಲದ ಬಸ್ಸು

ನಾನು ಐದನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ನಮ್ಮೂರಿಗೆ ಬಸ್ಸು ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ಸೊಕ್ಕೆ ಕಡೆಯಿಂದ ಜಗಳೂರಿಗೆ ಹೋಗುವ ಬೆಳಗಿನ ಬಸ್ಸು ಅದೊಂದೇ. ಕಾಲೇಜು ಹುಡುಗಿಯರು ಕಂಡರೆ ಸಾಕು, ಡ್ರೈವರ್ ಮುಖ ಆಚೆ ತಿರುಗಿಸಿ ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತಿದ್ದ. ಪಾಸಿನವರಿಂದ ಕಲೆಕ್ಷನ್ ಇಲ್ಲವಲ್ಲ! ಆ ಧೂಳು, ಆ ಡೀಸೆಲ್ ವಾಸನೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅದಕ್ಕೆ ನಮ್ಮಜ್ಜಿ ಒಂದು ಉಪಾಯ ಹೂಡಿದಳು. ಗಂಟುಮೂಟೆಯವರಿಗೆ ಬಸ್ಸು ನಿಲ್ಲುತ್ತಿತ್ತು; ಟಿಕೆಟ್ಟೂ ಆಯಿತು, ಲಗೇಜೂ ಆಯಿತು. ಅಜ್ಜಿ, ನಾನು ಚೀಲಕ್ಕೆ ಶೇಂಗಾ ಹೊಟ್ಟು ತುಂಬಿ ರಸ್ತೆಗೆ ಎಳೆದು ತರುತ್ತಿದ್ದೆವು. ಅಕ್ಕ ಮತ್ತು ಅವಳ ಗೆಳತಿಯರು ಜಾಲಿ ಮರದ ಹಿಂದೆ. ಅಜ್ಜಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸುವಳು.

"ತಮ್ಮಾ, ಹೊನ್ನಾಳಿಗೆ ಹೋಗ್ತೈತೇನಪ್ಪಾ?"

"ಹೊನ್ನಾಳಿ ಎಲ್ಲೈತೆ, ಜಗಳೂರು ಎಲ್ಲೈತೆ ಅಜ್ಜೀ!" ಎನ್ನುವನು ಕಂಡಕ್ಟರ್.

"ಹಂಗಾದ್ರೆ ಬ್ಯಾಡ ಬಿಡ್ರಿ."

ಅಷ್ಟರಲ್ಲಿ ಹುಡುಗಿಯರೆಲ್ಲ ಓಡಿಬಂದು ಹತ್ತಿಬಿಟ್ಟಿರುತ್ತಿದ್ದರು. ನಾನು ಹೊಟ್ಟಿನ ಚೀಲದ ಮೇಲೆ ಬಿದ್ದು ಬಿದ್ದು ನಗುತ್ತಿದ್ದೆ.

ಅಕ್ಕನ ಸೆಕೆಂಡ್ ಪಿಯುಸಿ ಪರೀಕ್ಷೆ ಶುರುವಾಯಿತು. ಫಸ್ಟ್ ಪಿಯುಸಿಯ ಗೆಳತಿಯರಿಗೆ ರಜೆ, ಅವಳೊಬ್ಬಳೇ. ಅವ್ವ ಡಬ್ಬಿಗೆ ಒಗ್ಗರಣೆ ಮಂಡಕ್ಕಿ ಹಾಕಿಕೊಟ್ಟಿದ್ದಳು. ರೂಢಿಯಂತೆ ಅಕ್ಕ ಮರದ ಹಿಂದೆ ನಿಂತಳು, ಅಜ್ಜಿ ಚೀಲದ ಪಕ್ಕ. ಬಸ್ಸು ನಿಧಾನವಾಯಿತು. ಕಂಡಕ್ಟರ್ ತಲೆ ಹೊರಹಾಕಿ, "ಇವತ್ತು ಹೊನ್ನಾಳಿಗೆ ನಡ್ಕೊಂಡು ಹೋಗಜ್ಜಿ!" ಎಂದವನೇ ರೈಟ್ ಹೇಳಿದ. ಒಳಗಿದ್ದವರೆಲ್ಲ ನಕ್ಕರು.

"ಪರೀಕ್ಷೆ ಐತ್ರೀ, ನಿಲ್ಸ್ರೀ!" ಅಕ್ಕ ಹಿಂದೆ ಓಡಿದಳು. ಬಸ್ಸು ನಿಲ್ಲಲಿಲ್ಲ.

ಅಪ್ಪ ಯಾರದೋ ಬೈಕು ಹುಡುಕಿ ಕರೆದುಕೊಂಡು ಹೋಗುವಷ್ಟರಲ್ಲಿ ಕಾಲೇಜಿನ ಗೇಟು ಹಾಕಿತ್ತು. ಹುಡುಗಿ ಎದುರಿಗೆ ನಿಂತಿದ್ದರೆ ನಿಲ್ಲಿಸುತ್ತಿದ್ದೆವು ಎಂದು ಆಮೇಲೆ ಆ ಕಂಡಕ್ಟರ್ ಹೇಳಿದನಂತೆ. ಸುಳ್ಳ! ಎದುರಿಗೆ ನಿಂತಾಗ ಯಾವತ್ತು ನಿಲ್ಲಿಸಿದ್ದರು?

"ಮತ್ತೆ ಕಟ್ಟಿ ಬರೀತೀನಪ್ಪಾ," ಎಂದಳು ಅಕ್ಕ.

"ಬಸ್ಸಿನ ಹಿಂದೆ ಓಡಾಕೆ ನೀನೇನು ನಾಯಿಯೇನವ್ವಾ? ಸಾಕು ಬಿಡು," ಎಂದ ಅಪ್ಪ. ಮುಂಗಾರಿಗೆ ಮೊದಲೇ ಊರಲ್ಲೇ ಇದ್ದ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿಬಿಟ್ಟ. ಅಕ್ಕ ಅತ್ತಿದ್ದನ್ನು ತವರು ಬಿಡುವ ದುಃಖ ಎಂದರು.

ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ರಸ್ತೆಗೆ ಡಾಂಬರು ಬಿದ್ದಿದೆ, ಬೆಳಗ್ಗೆಯೇ ಎರಡೆರಡು ಬಸ್ಸು. "ಈಗೇನು ಕಮ್ಮಿ ಐತೆ ಹೇಳ್ರಿ?" ಎಂದು ಯಾರಾದರೂ ಅಂದರೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬರುತ್ತದೆ ನನಗೆ. ಅಕ್ಕ ದಿನಾ ಆ ಬಸ್ಸು ಹತ್ತಿ, ಗೇಟು ತೆರೆಯುವ ಹೊತ್ತಿಗೆ ಸರಿಯಾಗಿ ಅದೇ ಕಾಲೇಜಿಗೆ ಹೋಗುತ್ತಾಳೆ, ಕಸ ಗುಡಿಸಲು.