ಎಲೆಬಳ್ಳಿಯ ಪುಸ್ತಕಕ್ಕೆ ನಾನು ಬರೆದ ಅಭಿಪ್ರಾಯ

ಪುಸ್ತಕವನ್ನು ಪೂರ್ತಿ ಓದದೆಯೇ ಅದರ ಮೇಲೆ ಅಭಿಪ್ರಾಯ ಹೇಳುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಇದನ್ನು ಒಪ್ಪಿಕೊಳ್ಳಲು ಮೊದಲು ನಾಚಿಕೆಯಾಗುತ್ತಿತ್ತು. ಈಗ ವಯಸ್ಸಾಯಿತು, ನಾಚಿಕೆಗೂ ಹಲ್ಲು ಉದುರಿವೆ. ನೀವೇನು ಹೊರಗಿನವರಲ್ಲ, ಹೇಳಿಬಿಡುತ್ತೇನೆ. ಈ ವಿದ್ಯೆಯನ್ನು ನಾನು ಕಲಿತದ್ದು ಸವಣೂರಿನ ಒಂದು ಸಣ್ಣ ವಾಚನಾಲಯದಲ್ಲಿ. ಅದಕ್ಕೆ ತಕ್ಕ ಶಾಸ್ತಿಯಾದದ್ದೂ ಅಲ್ಲಿಯೇ.

ಆಗ ಯುದ್ಧದ ಕಾಲ. ನಾನು ಹತ್ತಿಮತ್ತೂರಿನ ಶಾಲೆಯಲ್ಲಿ ಮಾಸ್ತರ. ಸಂತೆಯ ದಿನ ಶಾಲೆ ಅರ್ಧ ಹೊತ್ತು. ಗಂಟೆ ಹೊಡೆದದ್ದೇ ತಡ, ಸವಣೂರಿಗೆ ಹೊರಟ ಯಾರದಾದರೂ ಚಕ್ಕಡಿಯ ಹಿಂದೆ ಹತ್ತಿ ಕೂಡುತ್ತಿದ್ದೆ. ಮನೆಯಾಕೆ ಕೊಟ್ಟ ಕೈಚೀಲದಲ್ಲಿ ಬದನೆಕಾಯಿ ಬರಬೇಕೆಂದು ಅವಳ ಆಸೆ, ಪುಸ್ತಕ ಬರಬೇಕೆಂದು ನನ್ನದು. ಬಹಳ ಸಲ ಪುಸ್ತಕವೇ ಗೆಲ್ಲುತ್ತಿತ್ತು. “ಇದಕ್ಕ ಒಗ್ಗರಣಿ ಹಾಕ್ಲೇನ್ರಿ?” ಎಂದು ಅವಳು ಪುಸ್ತಕ ಎತ್ತಿ ಹಿಡಿದು ಕೇಳಿದ್ದೂ ಉಂಟು.

ವಾಚನಾಲಯವೆಂದರೆ ಮಹಾ ದೊಡ್ಡದೇನಲ್ಲ. ಒಂದು ಪಡಸಾಲೆ, ಕೂಡಲು ಎರಡು ಬಾಕು, ಒಂದು ಕಪಾಟು. ಆ ಕಪಾಟಿನ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡ ಗೋಪಾಳರಾಯರು. ರಾಯರಿಗೆ ಮಾತು ಕಡಿಮೆ, ಕಾಯಿದೆ ಹೆಚ್ಚು. ಅವರ ಮೊದಲನೆಯ ಕಾಯಿದೆ: ಪುಸ್ತಕ ಮರಳಿ ಕೊಡುವವರು ಅಲ್ಲಿ ದಾರ ಕಟ್ಟಿ ಇಟ್ಟ ಅಭಿಪ್ರಾಯದ ವಹಿಯಲ್ಲಿ ಕನಿಷ್ಠ ಎರಡು ಸಾಲು ಬರೆಯಬೇಕು, ಬರೆಯದಿದ್ದರೆ ಮುಂದಿನ ಪುಸ್ತಕವಿಲ್ಲ. “ಓದಿದ ಮ್ಯಾಲೆ ಏನರೆ ಅನಿಸಿರಬೇಕಲ್ಲ? ಅನಿಸಿಲ್ಲಂದ್ರ ಓದಿಲ್ಲಂತ ಅರ್ಥ” ಎನ್ನುವರು. ಎರಡನೆಯದು ಅವರಿಗೆ ಅವರೇ ಹಾಕಿಕೊಂಡ ಕಾಯಿದೆ: ಓದುಗನ ಮನಸ್ಸು ಕೆಡಬಾರದೆಂದು, ಪುಸ್ತಕದ ಬಗ್ಗೆ ತಾವಾಗಿ ಒಂದು ಮಾತೂ ಹೇಳುತ್ತಿರಲಿಲ್ಲ.

ಕತೆ ಕಾದಂಬರಿಗಳು ಬಂದ ದಿನವೇ ಊರ ವಕೀಲರ, ಡಾಕ್ಟರರ ಮನೆ ಸೇರುತ್ತಿದ್ದವು. ಚಕ್ಕಡಿಯಲ್ಲಿ ತಡವಾಗಿ ಬರುವ ನನ್ನ ಪಾಲಿಗೆ ಉಳಿಯುತ್ತಿದ್ದದ್ದು ಜ್ಞಾನ. ಹೀಗಾಗಿ ಮನಸ್ಸಿಲ್ಲದ ಮನಸ್ಸಿನಿಂದ ನಾನು ಬಹಳ ಜ್ಞಾನಿಯಾದೆ.

ಆರೋಗ್ಯದ ಪುಸ್ತಕವೊಂದನ್ನು ಒಯ್ದಿದ್ದೆ. ಅದರ ಲೇಖಕರು ನಸುಕಿಗೆ ಏಳಿರಿ, ತಾಮ್ರದ ತಂಬಿಗೆಯ ನೀರು ಕುಡಿಯಿರಿ ಎಂದು ಹೇಳುವವರೆಗೆ ನನಗೆ ಒಪ್ಪಿಗೆಯಿತ್ತು. ನಾಲ್ಕನೆಯ ಅಧ್ಯಾಯದಲ್ಲಿ ಮೆಣಸಿನಕಾಯಿ ಬಿಡಿರಿ ಎಂದರು. ಖಾರವೆಂಬ ಕರಿದ ತಿಂಡಿಯ ಭಟ್ಟಿಯ ಘಾಟು ಇಡೀ ಓಣಿಗೆ ಸೀನು ತರಿಸುವ ಊರಿನ ಕಪಾಟಿನಲ್ಲಿ ಕುಳಿತು ಈ ಮಾತು! ‘ಲೇಖಕರು ಸವಣೂರಿನ ಖಾರ ತಿಂದವರಲ್ಲ. ಉಳಿದಂತೆ ಜ್ಞಾನಿಗಳು’ ಎಂದು ಬರೆದೆ. ವಹಿಯಲ್ಲಿ ಅದನ್ನು ಓದಿ ನಾಲ್ಕು ಜನ ನಕ್ಕರು. ಆ ನಗೆಯೇ ನನ್ನನ್ನು ಕೆಡಿಸಿದ್ದು.

ಜೇನು ಸಾಕುವ ಪುಸ್ತಕ ಓದಿ, ಅದರಂತೆ ಹೊಗೆ ಹಾಕಿ, ಅದರಂತೆಯೇ ಮೆಲ್ಲಗೆ ಕೈ ಚಾಚಿದೆ. ಮರುದಿನ ಶಾಲೆಯಲ್ಲಿ ಹುಡುಗರು ಹೊಸ ಮಾಸ್ತರು ಬಂದರೆಂದು ಎದ್ದು ನಿಂತರು. ‘ಈ ಪುಸ್ತಕವನ್ನು ಜೇನುಗಳೂ ಓದಿದ್ದರೆ ಅನುಕೂಲವಾಗುತ್ತಿತ್ತು’ ಎಂದು, ಬಾತ ಕೈಯಿಂದಲೇ ಅಭಿಪ್ರಾಯ ಬರೆದೆ.

ಪತ್ರಲೇಖನದ ಪುಸ್ತಕದ ಕತೆ ಇನ್ನೂ ಚಂದ. ಅದರಲ್ಲಿ ಮಾವನವರಿಗೆ ಅಳಿಯ ಬರೆಯುವ ಮಾದರಿ ಪತ್ರವೊಂದಿತ್ತು. ‘ತಮ್ಮ ಪಾದಾರವಿಂದಗಳ ದರ್ಶನಕ್ಕಾಗಿ ಕಣ್ಣುಗಳು ಹಾತೊರೆಯುತ್ತಿವೆ’ ಎಂಬಂಥದು. ಹಂಸಭಾವಿಯಲ್ಲಿದ್ದ ನನ್ನ ಮಾವನವರಿಗೆ ಅದನ್ನು ಅಕ್ಷರವೂ ಬಿಡದೆ ನಕಲು ಮಾಡಿ ಕಳಿಸಿದೆ. ಎಂಟು ದಿನಕ್ಕೆ ಅವರಿಂದ ಉತ್ತರ ಬಂತು: ‘ತಮ್ಮ ಪತ್ರವೆಂಬ ಅಮೃತವನ್ನು ಸೇವಿಸಿ ಧನ್ಯನಾದೆ.’ ಎಲ್ಲೋ ಓದಿದಂತಿದೆಯಲ್ಲ ಎಂದು ಪುಸ್ತಕ ತೆಗೆದು ನೋಡಿದರೆ, ನನ್ನ ಪತ್ರದ ಮುಂದಿನ ಪುಟದಲ್ಲಿಯೇ ಅದಿತ್ತು! ಹಂಸಭಾವಿಯಲ್ಲಿಯೂ ಯಾರ ಬಳಿಯೋ ಅದೇ ಪುಸ್ತಕವಿದ್ದಿರಬೇಕು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಸರಳವಾಗಿ ಬರೆಯತೊಡಗಿದೆವು. ಆ ಪುಸ್ತಕದಿಂದ ಆದ ಉಪಕಾರ ಅದೊಂದೇ, ಮತ್ತು ಅದು ಸಣ್ಣದಲ್ಲ.

ಹೀಗೆ ನನ್ನ ಅಭಿಪ್ರಾಯಗಳಿಗೆ ಊರಿನಲ್ಲಿ ಹೆಸರಾಯಿತು. ಪುಸ್ತಕ ಬೇಡದವರೂ ವಹಿ ಓದಲು ಬರುತ್ತಿದ್ದರು. ಹೊಗಳಿಕೆಗೆ ಯಾರೂ ನಗುವುದಿಲ್ಲ ಎಂಬುದನ್ನು ಕಂಡುಕೊಂಡ ಮೇಲೆ ನಾನು ಹೊಗಳುವುದನ್ನೇ ಬಿಟ್ಟೆ. ತೆಗಳಲು ಪೂರ್ತಿ ಓದಬೇಕಾಗಿಲ್ಲ ಎಂಬುದನ್ನು ಕಂಡುಕೊಂಡ ಮೇಲೆ ಓದುವುದನ್ನೂ ಅರ್ಧಕ್ಕೆ ಬಿಟ್ಟೆ. ನಮ್ಮ ಹಿಂದಿನ ಶಾಸ್ತ್ರಕಾರರು ಎದುರಾಳಿಯ ಮಾತನ್ನು ಪೂರ್ವಪಕ್ಷವೆಂದು ಪೂರ್ತಿಯಾಗಿ ಹೇಳಿ, ಆಮೇಲೆಯೇ ಖಂಡನೆಗೆ ಇಳಿಯುತ್ತಿದ್ದರಂತೆ. ಅವರಿಗೆ ಪುರಸತ್ತಿತ್ತು, ನನಗೆ ಚಕ್ಕಡಿ ತಪ್ಪುತ್ತಿತ್ತು.

ಇದರಲ್ಲಿ ಒಂದು ಹಾನಿಯ ಸಂಗತಿಯೂ ಇತ್ತು. ಪ್ರತಿ ವರ್ಷ ಮಹಾನವಮಿಯ ಪೂಜೆಗೆ ಮೊದಲು ರಾಯರು ಕಪಾಟು ಖಾಲಿ ಮಾಡಿ ಒರೆಸುವರು. ಯಾರೂ ಏನೂ ಬರೆಯದವು ಉಳಿಯುತ್ತಿದ್ದವು, ವಹಿಯಲ್ಲಿ ಬರೀ ತೆಗಳಿಕೆಯೇ ಸಿಕ್ಕ ಪುಸ್ತಕಗಳು ರದ್ದಿಗೆ ಹೋಗುತ್ತಿದ್ದವು. ಇರುವುದೊಂದೇ ಕಪಾಟು, ಹೊಸವಕ್ಕೆ ಜಾಗ ಬೇಡವೇ? ಯುದ್ಧದಿಂದ ಕಾಗದಕ್ಕೆ ಬರ ಬಂದಿದ್ದ ಕಾಲ. ಖಾರದ ಅಂಗಡಿಯವರು ಪೊಟ್ಟಣ ಕಟ್ಟಲು ಇಂಥ ಪುಸ್ತಕಗಳಿಗಾಗಿ ಕಾದೇ ಇರುತ್ತಿದ್ದರು. ಒಮ್ಮೆ ಖಾರ ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ, ನಾನೇ ತೆಗಳಿದ್ದ ಪುಸ್ತಕದ ಒಂದು ಹಾಳೆ. ಎಣ್ಣೆಯ ಕಲೆಯ ನಡುವೆ ಓದಿದೆ. ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಇನ್ನು ಎಲೆಬಳ್ಳಿಯ ಪುಸ್ತಕ. ಅದಕ್ಕೆ ರಕ್ಷಾಪುಟವೂ ಇರಲಿಲ್ಲ, ಹೆಸರಿನ ಪುಟವೂ ಇರಲಿಲ್ಲ. ಯಾರು ಬರೆದದ್ದೋ ತಿಳಿಯದು. ವೀಳ್ಯದೆಲೆಯ ತೋಟ ಹಾಕುವುದು, ಬಳ್ಳಿ ಕಟ್ಟುವುದು, ಎಲೆ ಕೊಯ್ಯುವುದು, ಇಷ್ಟೇ ವಿಷಯ. ಆಗಿನ ಪುಸ್ತಕಗಳಲ್ಲಿ ಹಾಳೆಗಳ ಅಂಚುಗಳು ಒಂದಕ್ಕೊಂದು ಕೂಡಿಕೊಂಡೇ ಇರುತ್ತಿದ್ದವು. ಮುದ್ರಣದವರು ಮಡಿಚಿ ಹೊಲಿದು ಬಿಡುವರು, ಓದುವವನೇ ಚಾಕು ಹಾಕಿ ಬಿಡಿಸಿಕೊಳ್ಳಬೇಕು. ನಾನು ಹದಿನಾರು ಪುಟ ಬಿಡಿಸಿದೆ. ಪುಟಕ್ಕೆ ನಾಲ್ಕು ಸಲ ‘ನಾನು ಹೀಗೆ ಮಾಡಿದೆ’, ‘ನಾನು ಹಾಗೆ ಕಂಡೆ’. ಸಾಕಾಯಿತು. ಮುಚ್ಚಿಟ್ಟು, ಮುಂದಿನ ಸಂತೆಗೆ ಹೋಗಿ ವಹಿಯಲ್ಲಿ ಹೀಗೆ ಬರೆದೆ: ‘ಲೇಖಕರಿಗೆ ಬಳ್ಳಿಗಿಂತ ತಮ್ಮ ಮೇಲೆಯೇ ಅಕ್ಕರೆ. ಪುಟ ಪುಟಕ್ಕೂ “ನಾನು” ಎಂಬುದೇ ಚಿಗುರಿದೆ. ಕೊನೆಯ ಅಧ್ಯಾಯವಂತೂ ತೀರ ಸಪ್ಪೆ, ಸುಣ್ಣವಿಲ್ಲದ ಎಲೆ.’ ಆ ಸುಣ್ಣದ ಮಾತು ಹೊಳೆದಾಗ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ಕೊನೆಯ ಅಧ್ಯಾಯ ಓದಿರಲಿಲ್ಲ, ನಿಜ. ಆದರೆ ಮೊದಲಿನವು ಹಾಗಿದ್ದರೆ ಕೊನೆಯದು ಹೇಗಿದ್ದೀತು?

ಅದಾದ ಮೂರು ವಾರಕ್ಕೆ, ಮಹಾನವಮಿ ಎಂಟು ದಿನ ಇದ್ದಾಗ ಹೋದೆ. ಕಪಾಟು ಖಾಲಿಯಾಗಿತ್ತು. ಜಮಖಾನೆಯ ಮೇಲೆ ಪುಸ್ತಕಗಳ ಎರಡು ಗುಂಪು: ಇಡುವವು ಒಂದು ಕಡೆ, ರದ್ದಿಗೆ ಹೋಗುವವು ಒಂದು ಕಡೆ. ಎಲೆಬಳ್ಳಿಯ ಪುಸ್ತಕ ರದ್ದಿಯ ಗುಂಪಿನ ಮೇಲೆಯೇ ಇತ್ತು. ಬಾಕಿನ ತುದಿಯಲ್ಲಿ ಎಂದಿನಂತೆ ಇಮಾಮಸಾಬರು ಕುಳಿತಿದ್ದರು.

ಇಮಾಮಸಾಬರೆಂದರೆ ಊರಾಚೆಯ ಎಲೆತೋಟದ ಮುದುಕರು. ಸಂತೆಯಲ್ಲಿ ಎಲೆ ಮಾರಿ, ಮಿಕ್ಕ ಒಂದು ಕಟ್ಟು ಹಿಡಿದು ವಾಚನಾಲಯಕ್ಕೆ ಬಂದು ಸುಮ್ಮನೆ ಕೂಡುವರು. ಓದಲು ಬಂದವರಿಗೆಲ್ಲ ಎರಡೆರಡು ಎಲೆ ಕೊಡುವರು. ಎಷ್ಟೋ ಸಂತೆಗಳಲ್ಲಿ ಅವರ ಎಲೆ ಹಾಕಿಕೊಂಡು, ತುಟಿ ಕೆಂಪು ಮಾಡಿಕೊಂಡೇ ನಾನು ಅಭಿಪ್ರಾಯ ಬರೆದಿದ್ದೆ. ಅಕ್ಷರ ಬಾರದವರು ಇಲ್ಲಿಗೆ ಯಾಕೆ ಬರುತ್ತಾರೋ, ನೆರಳಿಗೆ ಇರಬೇಕು ಎಂದುಕೊಂಡಿದ್ದೆ.

“ಮಾಸ್ತರ, ಛಲೋ ಹೊತ್ತಿಗೆ ಬಂದ್ರಿ” ಎಂದರು ರಾಯರು. “ಇಮಾಮಸಾಬರ ಪುಸ್ತಕಕ್ಕ ಒಂದು ಅಭಿಪ್ರಾಯ ಬಂದದ. ಅವರಿಗೆ ಓದಿ ಹೇಳ್ರಿ. ನನ್ನ ಚಾಳೀಸಿನ್ಯಾಗ ಇವತ್ತ ಏನೂ ಕಾಣವಲ್ಲದು.”

“ಇಮಾಮಸಾಬರ ಪುಸ್ತಕ?”

“ಎಲಿಬಳ್ಳಿದು. ಇವರು ಬಾಯಿಲೆ ಹೇಳ್ಯಾರ, ಇವರ ದೋಸ್ತ ಒಬ್ಬ ಮಾಸ್ತರು ಬರಕೊಂಡು ಅಚ್ಚು ಹಾಕಿಸಿದ್ರು. ಆ ಮಾಸ್ತರೂ ಈಗಿಲ್ಲ.”

ರಾಯರ ಚಾಳೀಸು ಅವರ ಮೂಗಿನ ಮೇಲೆ ಫಳಫಳ ಹೊಳೆಯುತ್ತಿತ್ತು. ವಹಿಯಲ್ಲಿ ಬರೆದವನು ನಾನೆಂದು ಅವರಿಗೆ ಚೆನ್ನಾಗಿ ಗೊತ್ತು.

“ಐದು ವರ್ಷಾತ್ರಿ ಕಪಾಟಿನ್ಯಾಗ ಇಟ್ಟು” ಎಂದರು ಇಮಾಮಸಾಬರು. “ಒಬ್ಬರೂ ಒಂದು ಮಾತು ಬರದಿದ್ದಿಲ್ಲ. ಓದ್ರಿ ಮಾಸ್ತರ, ಕೇಳೂಣು.”

ವಹಿ ತೆರೆದೆ. ನನ್ನ ಅಕ್ಷರವೇ ನನ್ನನ್ನು ನೋಡಿತು. ಮುದುಕರು ಕಿವಿಗೆ ಅಂಗೈ ಹಿಡಿದು ಮುಂದೆ ಬಾಗಿದ್ದರು. ಏನು ಮಾಡುವುದು? ಬರೆದದ್ದನ್ನು ಬಿಟ್ಟು ಬಾಯಿಗೆ ಬಂದದ್ದನ್ನು ಓದಿದೆ: “ಇದು ಬಹಳ ಉಪಯುಕ್ತವಾದ ಪುಸ್ತಕ. ಭಾಷೆ ಸರಳ. ಕೊನೆಯ ಅಧ್ಯಾಯವಂತೂ ತೀರ ಸೊಗಸು.”

“ಕಡೀ ಪಾಠ ಓದ್ಯಾರ?” ಇಮಾಮಸಾಬರು ಎದ್ದೇ ನಿಂತರು. “ಯಾರ್ರಿ ರಾಯರ, ಯಾರು ಬರದವರು?”

“ಇವರ” ಎಂದು ರಾಯರು ತೊಲೆಯ ಕಡೆ ನೋಡಿದರು.

“ಯಾ ಅಲ್ಲಾ! ನೀವೇನ್ರಿ ಮಾಸ್ತರ! ಹಂಗಾರ ಹೇಳ್ರಿ, ಕಡೀ ಪಾಠದಾಗ ಒಂದು ಹೆಸರು ಐತೇನು? ಏನ್ ಹೆಸರು ಐತಿ?”

ಒಳ್ಳೆಯದು ಮಾಡಲು ಹೋಗಿ ಇಂಥ ಬಲೆಗೆ ಬಿದ್ದವರು ಉಂಟೇ? “ಹೆಸರು… ಐತ್ರಿ… ಚಲೋ ಹೆಸರು” ಎಂದೆ. ನನ್ನ ಶಾಲೆಯ ಅತಿ ದಡ್ಡ ಹುಡುಗನೂ ಇದಕ್ಕಿಂತ ಚೆನ್ನಾಗಿ ಸುಳ್ಳು ಹೇಳುತ್ತಿದ್ದ.

ಇಮಾಮಸಾಬರು ಬಾಗಿ ಪುಸ್ತಕ ಎತ್ತಿಕೊಂಡರು. ಎಲೆ ಎಣಿಸುವವರನ್ನು ನೀವು ನೋಡಿರಬಹುದು. ಕಣ್ಣು ಗಿರಾಕಿಯ ಮೇಲೆ, ಎಣಿಕೆಯೆಲ್ಲ ಹೆಬ್ಬೆರಳಿನಲ್ಲಿ. ಎರಡು ಎಲೆ ಅಂಟಿ ಒಂದಾಗಿ ಬಂದರೆ ಆ ಬೆರಳಿಗೆ ತಿಳಿಯುತ್ತದೆ. ಅರವತ್ತು ವರ್ಷ ಎಲೆ ಎಣಿಸಿದ ಹೆಬ್ಬೆರಳು ಪುಸ್ತಕದ ಅಂಚಿನ ಮೇಲೆ ಸರಸರ ಓಡಿತು. ಹದಿನಾರನೆಯ ಪುಟದ ಹತ್ತಿರ ನಿಂತಿತು. ಮತ್ತೆ ಮುಂದೆ ಹೋಯಿತು, ಮತ್ತೆ ನಿಂತಿತು.

“ಇಲ್ಲಿಂದ ಕಡೀತನಕ ಎಲ್ಲಾ ಅಂಟೇ ಅದಾವಲ್ರಿ ಮಾಸ್ತರ” ಎಂದರು ಮೆಲ್ಲಗೆ. “ಯಾರೂ ಬಿಡಿಸೇ ಇಲ್ಲ.”

ಸಿಟ್ಟು ಮಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಸಿಟ್ಟಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎಂದು ಪುಸ್ತಕಗಳಲ್ಲಿ ಓದಿದ್ದೆ. ಅಂದು ಅದರ ಅರ್ಥವಾಯಿತು. “ತಪ್ಪಾತ್ರಿ” ಎಂದೆ. ಆಮೇಲೆ ವಹಿಯಲ್ಲಿ ಇದ್ದದ್ದನ್ನು ಇದ್ದಂತೆ ಓದಿದೆ, ಸುಣ್ಣದ ಮಾತಿನವರೆಗೂ. ಆ ಮಾತಿನಲ್ಲಿ ಅಷ್ಟೊಂದು ಏನು ಹೊಳೆದಿತ್ತೋ ನನಗೆ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಮಕ್ಕಳಿಗೆ ಗಾದೆ ಕಲಿಸುವ ಮಾಸ್ತರ ನಾನು. ದೊಣ್ಣೆ ನನ್ನ ಕೈಯಲ್ಲೇ ಇದ್ದದ್ದು ಗೊತ್ತಿರಲಿಲ್ಲ.

ಮುದುಕರು ತಲೆಯಾಡಿಸಿದರು. “‘ನಾನು’ ಅನ್ನೂದು ಬಾಳ ಆಗೇತಿ ಅಂದ್ರಿ. ಅದು ಖರೇನ ಐತಿ. ಎಷ್ಟು ಓದೀರಿ, ಅಷ್ಟು ಖರೇ ಹೇಳೀರಿ. ಓದದ ಇದ್ದದ್ದನ್ನೂ ಈಗ ಓದಿ ಬಿಡ್ರಿ.” ಎಲೆಯ ತೊಟ್ಟು ಕತ್ತರಿಸುವ ಸಣ್ಣ ಚಾಕು ತೆಗೆದು ನನ್ನ ಕೈಗಿಟ್ಟರು.

ಕೊನೆಯ ಅಧ್ಯಾಯದ ಅಂಚು ಬಿಡಿಸಿದೆ. ಎರಡೇ ಪುಟ. ಗಟ್ಟಿಯಾಗಿ ಓದತೊಡಗಿದೆ. ‘ಎಲೆ ಕೊಯ್ಯುವ ಬೆರಳಿಗೆ ಅವಸರವಿರಬಾರದು. ಇದನ್ನು ನನಗೆ ಹೇಳಿದವಳು ನನ್ನ ಹೆಂಡತಿ ಬೀಬಿಜಾನ. ಹಣ್ಣೆಲೆಯನ್ನು ಎಸೆಯಬಾರದು, ಹಲ್ಲಿಲ್ಲದವರಿಗೆ ಅದೇ ಮೆತ್ತಗೆ. ಇದನ್ನು ಹೇಳಿದವಳೂ ಬೀಬಿಜಾನ. ಸಾವಿನ ಮನೆಗೆ ಎಲೆ ಕೊಡುವಾಗ ಎಣಿಸಬಾರದು. ಇದೂ ಅವಳ ಮಾತೇ.’ ಕಡೆಯ ಸಾಲು ಹೀಗಿತ್ತು: ‘ಈ ಪುಸ್ತಕದಲ್ಲಿ ನಾನು ಎಂದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಬೀಬಿಜಾನ ಎಂದು ಓದಿಕೊಳ್ಳಬೇಕು.’

ರಾಯರು ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಈಗ ನಿಜವಾಗಿಯೂ ಅದರಲ್ಲಿ ಏನೂ ಕಾಣುತ್ತಿರಲಿಲ್ಲ.

“ಐತಿ ಹಂಗಾರ” ಎಂದರು ಇಮಾಮಸಾಬರು. ಗಡ್ಡ ಒದ್ದೆಯಾಗಿತ್ತು. “ಆಕಿ ಗೋರಿ ಮ್ಯಾಲೂ ಹೆಸರಿಲ್ಲರಿ, ಬರೇ ಮಣ್ಣು. ಕಾಗದದಾಗರ ಇರಲಿ ಅಂತ ದೋಸ್ತಗ ಹೇಳಿದ್ದೆ. ಬರದಾನೋ ಬಿಟ್ಟಾನೋ, ನನಗೇನ್ ಗೊತ್ತಾಗಬೇಕು? ಯಾರರ ಕಡೀತನಕ ಓದಿದ್ರ ವಹಿಯೊಳಗ ಆಕಿ ಹೆಸರು ಬರ್ತೈತಿ ಅಂತ ವಾರಾ ವಾರಾ ಬಂದು ಕುಂದರ್ತಿದ್ದೆ.”

“ನನ್ನ ಒಂದ ಮಾತು ಕೇಳಬಾರದಿತ್ತ?” ಎಂದರು ರಾಯರು.

“ಹೆಂಡ್ತಿ ಹೆಸರು ಹುಡುಕಿ ಕೊಡ್ರಿ ಅಂತ ಹೆಂಗ ಕೇಳೂದ್ರಿ, ರಾಯರ?” ಮುದುಕರು ನಾಚಿಕೊಂಡರು.

ನಾನು ದೌತಿಯಲ್ಲಿ ಲೆಕ್ಕಣಿಕೆ ಅದ್ದಿ ನನ್ನ ಹಳೆಯ ಸಾಲುಗಳ ಕೆಳಗೆ ಬರೆದೆ: ‘ಮೇಲಿನ ಅಭಿಪ್ರಾಯ ಬರೆದವನು ಕೊನೆಯ ಅಧ್ಯಾಯ ಓದಿರಲಿಲ್ಲ. ಈಗ ಓದಿದ್ದಾನೆ. ಇದು ಬೀಬಿಜಾನ ಎಂಬ ತೋಟದಾಕೆಯ ಪುಸ್ತಕ. ಕಪಾಟಿನಲ್ಲಿ ಇರತಕ್ಕದ್ದು.’ ಜೀವನದಲ್ಲಿ ಬಹಳ ಅಭಿಪ್ರಾಯ ಬರೆದಿದ್ದೇನೆ. ಯಾರೂ ನಗದ ಅಭಿಪ್ರಾಯ ಇದೊಂದೇ, ನನಗೆ ಸಮಾಧಾನ ಕೊಟ್ಟದ್ದೂ ಇದೊಂದೇ. ರಾಯರು ಪುಸ್ತಕವನ್ನು ರದ್ದಿಯ ಗುಂಪಿನಿಂದ ಎತ್ತಿ, ತಾವೇ ಒಯ್ದು, ಖಾಲಿ ಕಪಾಟಿನಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟರು.

“ಇದರಾಗ ಆಕಿ ಹೆಸರು ಯಾವುದ್ರಿ?” ಎಂದು ಇಮಾಮಸಾಬರು ವಹಿಯ ಮೇಲೆ ಬಾಗಿದರು. ತೋರಿಸಿದೆ. ಅವರು ಅದರ ಮೇಲೆ ಹೆಬ್ಬೆರಳು ಇಟ್ಟೇಬಿಟ್ಟರು. ಮಸಿ ಇನ್ನೂ ಆರಿರಲಿಲ್ಲ. ಹೆಸರು ಸ್ವಲ್ಪ ಕದಡಿತು. ವಹಿಯ ಮೇಲೆ ಒಂದು ಚುಕ್ಕೆ ಮಸಿ ಬಿದ್ದರೂ ಕೂಗಾಡುತ್ತಿದ್ದ ರಾಯರು ಅಂದು ಸುಮ್ಮನಿದ್ದರು.

ಬೆರಳಿನ ಮಸಿಯನ್ನು ಒರೆಸಿಕೊಳ್ಳದೆಯೇ ಮುದುಕರು ತಮ್ಮ ಕಟ್ಟು ಬಿಚ್ಚಿ, ಎರಡು ಎಳೆಯ ಎಲೆ ಆರಿಸಿ, ಸುಣ್ಣ ಹಚ್ಚಿ ನನ್ನ ಕೈಯಲ್ಲಿಟ್ಟರು.

“ಹಾಕ್ಕೊಳ್ರಿ ಮಾಸ್ತರ” ಎಂದರು. “ಆದರ ಈ ಸಲ ಅರ್ಧಕ್ಕ ಉಗುಳಬ್ಯಾಡ್ರಿ, ಕಡೀತನಕ ಅಗೀರಿ.”