ಮರದ ಕೆಳಗೆ ಮಾತಾಡುವ ಕೆಲಸ

ಮರಗಸಿಗೆ ಹೋದ ಮೊದಲ ದಿನ ನನಗೆ ಸಿಕ್ಕಿದ್ದು ಮಾತಾಡುವ ಕೆಲಸ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಎರಡನೇ ಪಿಯುಸಿ ಪರೀಕ್ಷೆ ಮುಗಿದಿತ್ತು. ಫಲಿತಾಂಶ ಬರುವವರೆಗೆ ಮನೆಯಲ್ಲಿ ಕೂತಿರಲಾರದೆ, ಮಗ್ಗೆಯ ನಮ್ಮ ಬೀದಿಯಿಂದ ಬೆಳಗೋಡು ಕಡೆಯ ಕಾಫಿ ತೋಟಕ್ಕೆ ಹೋಗುತ್ತಿದ್ದ ತಂಡದ ಜೊತೆ ನಾನೂ ಟ್ರ್ಯಾಕ್ಟರ್ ಹತ್ತಿದೆ. ಕಾಫಿಗೆ ನೆರಳು ಕೊಡುವ ದೊಡ್ಡ ಮರಗಳ ಕೊಂಬೆಗಳನ್ನು ಮುಂಗಾರು ಹಿಡಿಯುವ ಮೊದಲು ಕಡಿದು, ಕೆಳಗಿನ ಗಿಡಗಳಿಗೆ ಬೆಳಕು, ಗಾಳಿ ಬಿಡುವುದೇ ಮರಗಸಿ. ಕಾಫಿ ಹೂ ಅರಳಿಸುವ ಹೂಮಳೆ ಎರಡು ಸಲ ಬಂದುಹೋಗಿತ್ತು. ಯಾವ ಮಳೆ ಯಾವ ದಿನ, ಎಷ್ಟು ಹೊತ್ತು ಬಂತು ಎಂದು ಆಗಲೂ ಬರೆದಿಡುತ್ತಿದ್ದೆ. ನಾನು ಹೊರಟಾಗ ಅಮ್ಮ ಬಾಗಿಲಲ್ಲಿ ನಿಂತು, "ಇವಳೇನ್ ಕೆಲ್ಸ ಮಾಡ್ತಾಳೆ, ಉದುರಿದ ಎಲೆ ಎಣಿಸ್ಕೊಂಡ್ ಬರ್ತಾಳೆ ಅಷ್ಟೇ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ತಂಡದಲ್ಲಿ ಮರ ಹತ್ತುವವರು ಒಬ್ಬರೇ. ನಮ್ಮ ಎದುರುಮನೆಯವರು, ನಾನು ಮಾವ ಎನ್ನುತ್ತಿದ್ದೆ. ಅವರ ಹೆಂಡತಿ, ನನಗೆ ಅತ್ತೆ, ಬಿದ್ದ ಕೊಂಬೆಯ ಸೊಪ್ಪು ಸವರಿ ಸೌದೆ ಬೇರೆ ಮಾಡುವ ಹೆಂಗಸರ ಜೊತೆ ಇರುತ್ತಿದ್ದರು. ಇವರೆಲ್ಲರನ್ನೂ ನಡೆಸುವವರು ಒಬ್ಬ ಮೇಸ್ತ್ರಿ.

ಹಿಂದಿನ ವರ್ಷ ಇದೇ ಕೆಲಸದಲ್ಲಿ ಹಾಲುವಾಣ ಮರದ ಕೊಂಬೆ ಮುರಿದು ಮಾವ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು. ಮಳೆಗಾಲವೆಲ್ಲ ಜಗಲಿಯ ಮೇಲೆ ಕಾಲು ಚಾಚಿಕೊಂಡು, ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದುದನ್ನು ನಾನೇ ನೋಡಿದ್ದೆ. ಈಗ ನಡಿಗೆ ಸರಿಹೋಗಿತ್ತು. ಮರ ಹತ್ತಲು ಆಗುತ್ತದೆಯೇ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಆಗದಿದ್ದರೆ ಪಾಳ್ಯದ ಕಡೆಯಿಂದ ಬೇರೆಯವರನ್ನು ಕರೆಸುವುದೆಂದು ಮೇಸ್ತ್ರಿ ಆಗಲೇ ಹೇಳಿಟ್ಟಿದ್ದರು. ಹಾಗಾದರೆ ಮಾವ ಇನ್ನು ಮುಂದೆ ಹೆಂಗಸರ ಜೊತೆ ಸೊಪ್ಪು ಎಳೆಯಬೇಕಾಗುತ್ತಿತ್ತು. ಮತ್ತೆ ಮರ ಹತ್ತಲೆಂದು ಅವರು ಅಟ್ಟದಿಂದ ಹಗ್ಗ ಇಳಿಸಿದ ದಿನದಿಂದ ಅತ್ತೆ ಅವರ ಜೊತೆ ಮಾತು ಬಿಟ್ಟಿದ್ದರು. ಟ್ರ್ಯಾಕ್ಟರಿನಲ್ಲೂ ಒಬ್ಬರು ಆ ತುದಿ, ಒಬ್ಬರು ಈ ತುದಿ.

ತೋಟದಲ್ಲಿ ಇಳಿದ ಮೇಲೆ ಮೇಸ್ತ್ರಿ ನನ್ನನ್ನು ಕರೆದು ಒಂದು ಬಸರಿ ಮರದ ಕೆಳಗೆ ನಿಲ್ಲಿಸಿದರು.

"ನೀನು ಮಾತಾಡ್ಸವ್ವ ಅವನ್ನ."

"ಏನು ಮಾತಾಡ್ಸೋದು?"

"ಏನಾರಾ. ಮೇಲಿರೋನು ಉತ್ರ ಕೊಡ್ತಾ ಇರ್ಬೇಕು. ಸೊಪ್ಪಿನೊಳಗೆ ಮನುಷ್ಯ ಕಾಣಕ್ಕಿಲ್ಲ, ದನಿ ಬತ್ತಾ ಇದ್ರೆ ಸರಿಯಾಗವ್ನೆ ಅಂತ. ದೂರದ್ದು ಕೇಳು, ರಸ್ತೆ, ಬಸ್ಸು, ಮೋಡ. ಮರದ ಕೆಳಗಿರೋದ್ರ ಬಗ್ಗೆ ಕೇಳ್ಬೇಡ, ಅವನು ಬಗ್ಗಿ ನೋಡ್ಬಾರ್ದು."

ಇಷ್ಟು ವರ್ಷ ಈ ಮಾತಿನ ಕೆಲಸ ಅತ್ತೆಯದೇ ಆಗಿತ್ತಂತೆ. ಮಾವ ಬಿದ್ದ ದಿನವೂ ಅವರೇ ಕೆಳಗೆ ನಿಂತು ಏನೋ ಕೇಳಿದ್ದರಂತೆ. ಉತ್ತರದ ಬದಲು ಕೊಂಬೆ ಮುರಿದ ಸದ್ದು ಬಂದಿತ್ತು. ಮರದ ಕೆಳಗೆ ಇನ್ನು ಬಾಯಿ ತೆರೆಯುವುದಿಲ್ಲ ಎಂದು ಅವರು ಅವತ್ತೇ ಹೇಳಿಬಿಟ್ಟಿದ್ದರು.

ಮಾವ ಸೊಂಟಕ್ಕೆ ಹಗ್ಗ ಸುತ್ತಿ, ಬೆನ್ನಿಗೆ ಕತ್ತಿ ಸಿಕ್ಕಿಸಿಕೊಂಡು, ಬಿದಿರಿನ ಏಣಿಗೆ ಕಾಲಿಟ್ಟರು. ಮುರಿದಿದ್ದ ಕಾಲನ್ನೇ ಮೊದಲು ಇಟ್ಟರು. ಅತ್ತೆ ಬೆನ್ನು ತಿರುಗಿಸಿಕೊಂಡು ಸೊಪ್ಪು ಸವರುತ್ತಿದ್ದರು. ಸವರಲು ಇನ್ನೂ ಒಂದು ಕೊಂಬೆಯೂ ಬಿದ್ದಿರಲಿಲ್ಲ. ಯಾವುದೋ ಹಳೇ ಒಣ ರೆಂಬೆ ಕೈಯಲ್ಲಿತ್ತು.

ನಾನು ಕೇಳಲು ಶುರುಮಾಡಿದೆ.

"ಮಾವ, ಅಲ್ಲಿಂದ ಎಷ್ಟು ಮನೆ ಕಾಣ್ತವೆ?"

"ಹೆಂಚಿನವೋ, ಶೀಟಿನವೋ?"

"ಎರಡೂ ಬೇರೆ ಬೇರೆ ಹೇಳಿ."

"ಹೆಂಚಿನವು ಒಂಬತ್ತು. ಶೀಟಿನವು... ಕೂಲಿಯೋರ ಲೈನ್ ಮನೆ ಸೇರಿಸ್ಬೇಕಾ?"

"ಸೇರಿಸಿ."

ಹೆಂಗಸರಲ್ಲೊಬ್ಬರು ನಕ್ಕು, "ಜನಗಣತಿಯೋರು ಬಂದವ್ರೆ ಕಣ್ರೇ, ನಿಮ್ಮನೆ ಕೋಳಿ ಲೆಕ್ಕ ಸರಿಯಾಗಿ ಹೇಳ್ಬುಡಿ" ಎಂದರು. ಮೇಲಿನಿಂದಲೂ ನಗು ಬಂತು. ಆಮೇಲೆ ಕತ್ತಿಯ ಸದ್ದು. ಮೊದಲ ಕೊಂಬೆ ಕಾಫಿ ಸಾಲಿನ ನಡುವೆ, ಒಂದು ಗಿಡವನ್ನೂ ಮುಟ್ಟದೆ ಬಿತ್ತು. ರಸ್ತೆಯಲ್ಲಿ ಬಸ್ಸು ಬಂತಾ, ಯಾವ ಬಣ್ಣ, ಮೇಲೆ ಸಾಮಾನು ಹೇರಿದ್ದಾರಾ, ತೋಟದ ಮಾಲೀಕರ ಬಂಗಲೆಯ ಅಂಗಳದಲ್ಲಿ ಜೀಪು ಎಷ್ಟು, ಎಲ್ಲ ಕೇಳಿದೆ. ಎಲ್ಲದಕ್ಕೂ ಉತ್ತರ ಬಂತು. ಒಂದು ಸಲ ಅವರೇ, "ಸಕಲೇಶಪುರದ ಕಡೆ ಮೋಡ ಐತೆ, ಬರ್ಕೋ" ಎಂದರು. ನನಗೆ ಉತ್ಸಾಹ ಬಂದುಬಿಟ್ಟಿತು. ಮಾತು ಇಷ್ಟು ಸುಲಭದ ಕೆಲಸ ಎಂದುಕೊಂಡೆ.

ಲೆಕ್ಕದ ಬುದ್ಧಿಯೇ ನನ್ನನ್ನು ಎಡವಿಸಿತು. ಬಿದ್ದ ಕೊಂಬೆಗಳನ್ನು ನಾನು ಎಣಿಸುತ್ತಿದ್ದೆ. ನಡುವೆ ಒಂದು ತಪ್ಪಿಹೋಯಿತು.

"ಮಾವ, ಇಲ್ಲೀತನಕ ಎಷ್ಟು ಕೊಂಬೆ ಬಿದ್ವು?"

ಅವರು ಎಣಿಸಲು ಬಗ್ಗಿ ನೋಡಿದರು.

ಕತ್ತಿಯ ಸದ್ದು ನಿಂತಿತು. ನಾನು ಮತ್ತೆ ಬಸ್ಸು ಬಂತಾ ಎಂದು ಕೇಳಿದೆ. ಉತ್ತರವಿಲ್ಲ. ಮೇಸ್ತ್ರಿ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಎರಡು ಕೊಂಬೆ ಸೇರುವ ಕವಲಿನಲ್ಲಿ ಮಾವ ಕಾಂಡ ತಬ್ಬಿಕೊಂಡು ಕೂತಿದ್ದರು. ಕೆನ್ನೆ ತೊಗಟೆಗೆ ಅಂಟಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. "ಏನೋ, ಇಳೀತೀಯ?" ಎಂದು ಮೇಸ್ತ್ರಿ ಕೂಗಿದರು. ಮಾವ ಕಾಂಡವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡರು. ಕೇಳಲು ನನಗೆ ಇನ್ನೊಂದು ಮಾತು ಹುಟ್ಟಲಿಲ್ಲ.

ಅತ್ತೆ ಕತ್ತಿ ಕೆಳಗಿಟ್ಟು ಎದ್ದರು. ಸೀರೆಗೆ ಅಂಟಿದ್ದ ಸೊಪ್ಪು ಕೊಡವಿಕೊಂಡು ಬಂದು ನನ್ನ ಪಕ್ಕ ನಿಂತರು. ಮರದ ಕಡೆ ಮುಖ ಎತ್ತಿದರು. ಆಮೇಲೆ, ಒಲೆ ಮುಂದೆ ಕೂತು ಮಾತಾಡುವ ದನಿಯಲ್ಲಿ ಕೇಳಿದರು:

"ಕೋಳಿಗೂಡಿನ ಬಾಗ್ಲು ನಿನ್ನೆ ರಾತ್ರಿನೂ ತೆರ್ಕೊಂಡಿತ್ತು. ಯಾರ್ ಕಟ್ಟಿದ್ದು ಅದು?"

ಎಲೆ ಅಲ್ಲಾಡಲಿಲ್ಲ.

"ಯಾರ್ ಕಟ್ಟಿದ್ದು ಅಂತ ಕೇಳ್ದೆ."

"ನಾನೇ." ಸಣ್ಣ ದನಿ.

"ಕೇಳಿಸ್ಲಿಲ್ಲ."

"ನಾನೇ ಕಣೇ."

"ನೀನೇ. ಕಾಲು ಚಾಚ್ಕೊಂಡು ಕೂತಿದ್ದಾಗ ಟೈಮ್ ಇತ್ತಲ್ಲ, ಒಂದು ಬಾಗ್ಲು ನೆಟ್ಟಗೆ ಕಟ್ಟಕ್ಕಾಗ್ಲಿಲ್ಲ. ನಮ್ಮಣ್ಣ ಕಟ್ಕೊಡ್ತೀನಿ ಅಂದ್ರೆ ಬ್ಯಾಡ ಅಂದೆ."

"ನಿಮ್ಮಣ್ಣ ಕಟ್ಟಿದ್ ಕೊಟ್ಟಿಗೆ ನೋಡಿವ್ನಿ. ಹಸ ಸೀನಿದ್ರೆ ಬೀಳ್ತದೆ."

ಹೆಂಗಸರು ಸೆರಗು ಬಾಯಿಗೆ ಹಿಡಿದರು. ಮಾವನ ಕೆನ್ನೆ ತೊಗಟೆ ಬಿಟ್ಟಿತ್ತು. ಅವರು ಕೆಳಗೆ ತಿರುಗಿ ನೋಡಲು ಹೊರಟರು.

"ನನ್ನೇನ್ ನೋಡ್ತೀಯ? ಇಪ್ಪತ್ತು ವರ್ಸದಿಂದ ನೋಡಿದ್ದು ಸಾಲ್ದಾ? ಬೆಳಗೋಡು ಕಡೆ ನೋಡು" ಎಂದರು ಅತ್ತೆ. "ಇಳಿಯೋದಾದ್ರೆ ಇಳಿ, ಯಾರೂ ಏನೂ ಅನ್ನಲ್ಲ. ಕಡಿಯೋದಾದ್ರೆ ಕಡಿ. ಎಲ್ಡೂ ಬುಟ್ಟು ಅಲ್ಲೇ ಸಂಸಾರ ಹೂಡ್ತೀನಿ ಅಂದ್ರೆ ನಾನು ಬರಾಕಿಲ್ಲ."

ದನಿ ಹಾಗಿತ್ತು. ಕೈ ಮಾತ್ರ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿತ್ತು. ಯಾವಾಗ ಹಿಡಿದರೆಂದು ನನಗೂ ತಿಳಿದಿರಲಿಲ್ಲ.

ಮೇಲೆ ಹಗ್ಗ ಸರಿಮಾಡಿಕೊಂಡ ಸದ್ದಾಯಿತು. ಒಂದು ಪೆಟ್ಟು, ತಡೆದು ಇನ್ನೊಂದು. ಕೊಂಬೆ ಬಿತ್ತು, ಈ ಸಲ ಎರಡು ಕಾಫಿ ಗಿಡದ ತುದಿ ಮುರಿಯಿತು. ಮೇಸ್ತ್ರಿ ನೋಡಿ ಆ ಕಡೆ ಮುಖ ತಿರುಗಿಸಿದರು. ಅತ್ತೆ ಅಣ್ಣನ ಕೊಟ್ಟಿಗೆಯಿಂದ ನಾದಿನಿಯ ಮದುವೆಗೆ, ಅಲ್ಲಿ ಕಳೆದುಹೋದ ಒಂದು ಪಾತ್ರೆಗೆ ಹೋದರು. ಆ ಪಾತ್ರೆಯ ಜಗಳ ಮುಗಿಯುವಷ್ಟರಲ್ಲಿ ಮರವೂ ಮುಗಿದಿತ್ತು.

ಮಾವ ಇಳಿದು ಬೇರಿನ ಮೇಲೆ ಕೂತರು. ಲೋಟವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದರು. ಅತ್ತೆ ಎಲ್ಲರ ಲೋಟಕ್ಕೂ ತುಂಬ ಕಾಫಿ ಬಗ್ಗಿಸಿ, ಅವರದಕ್ಕೆ ಮಾತ್ರ ಅರ್ಧ ಬಗ್ಗಿಸಿದರು. ಚೆಲ್ಲದ ಹಾಗೆ ಕುಡಿದು ಮುಗಿಸಿದ ಮೇಲೆ ಉಳಿದ ಅರ್ಧ.

ನಾನು ಅತ್ತೆಯ ಬಳಿ ಹೋಗಿ, ಕೊಂಬೆಯ ಲೆಕ್ಕ ನಾನು ಕೇಳಬಾರದಿತ್ತು ಎಂದೆ.

"ಹೋಗ್ಲಿ ಬುಡವ್ವ" ಎಂದರು. "ಇವತ್ತಲ್ಲ ನಾಳೆ ಬಗ್ಗಿ ನೋಡೇ ನೋಡ್ತಿದ್ದ. ನಾನು ಇಲ್ದಾಗ ನೋಡಿದ್ರೆ ಏನ್ ಮಾಡೋದಿತ್ತು?"

ಮೇಸ್ತ್ರಿ ಎದ್ದು ಮುಂದಿನ ಮರಕ್ಕೆ ಏಣಿ ಸಾಗಿಸಲು ಹೇಳಿದರು. ಪಾಳ್ಯದವರ ಮಾತು ಯಾರೂ ಎತ್ತಲಿಲ್ಲ. ನಾನು ಮತ್ತೆ ಮರದ ಕೆಳಗೆ ಹೋಗಿ ನಿಲ್ಲಬೇಕೆಂದಿರುವಾಗ ಅತ್ತೆ ನನ್ನ ಕೈಗೆ ತಮ್ಮ ಕತ್ತಿ ಕೊಟ್ಟರು.

"ನೀನು ಹೋಗಿ ಸೊಪ್ಪು ಸವರು. ಇಲ್ಲಿ ನಾನಿರ್ತೀನಿ."

ಮಧ್ಯಾಹ್ನವೆಲ್ಲ ಸೊಪ್ಪು ಸವರಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಕಾಫಿ ಸಾಲುಗಳ ಆಚೆಯಿಂದ ಅವರಿಬ್ಬರ ದನಿ ಬರುತ್ತಲೇ ಇತ್ತು.

"ಬಾಗ್ಲು ಸರಿ ಮಾಡ್ತೀಯೋ ಇಲ್ವೋ?"

"ಮಾಡ್ತೀನಿ ಕಣೇ."

"ಯಾವಾಗ?"

ಕತ್ತಿಯ ಸದ್ದು ನಿಂತಿತು. ನಮ್ಮ ಸಾಲಿನ ಹೆಂಗಸರೂ ಕೈ ನಿಲ್ಲಿಸಿದರು.

"ಯಾವಾಗ ಅಂದೆ."

"ತಡಿಯೇ, ಬಾಯಲ್ಲಿ ಎಲೆ ಅಡಿಕೆ ಐತೆ... ಭಾನುವಾರ."